ವೆಂಡೆಲ್ ಇಂಚು

...ಹಾಗಲ್ಲ, ಹಾಗಲ್ಲ! ಹಲಗೆ ಒತ್ತಿ ಹಿಡಿ ಅಂದ್ರೆ ನೀನು ಎಳೆಗೂಸು ಎತ್ಕೊಂಡಂಗೆ ಎತ್ಕೊಂಡಿದೀಯ. ಎರಡೂ ಕೈ ಹಾಕು. ಬೆಂಚಿಗೆ ಒತ್ತು. ಹಾಂ... ಡ್ರಿಲ್ ಆ ಕಡೆ ದಾಟೋವಾಗ ಸೀಳಿಬಿಡುತ್ತೆ ಇದು. ಪೈನ್ ಹಲಗೆ ಬುದ್ಧೀನೇ ಅಷ್ಟು.

ಯಾಕೆ ನಗ್ತಿದೀಯ? ಏನಿದೆ ನಗೋದಕ್ಕೆ? ಅಮ್ಮನಿಗೆ ಅರವತ್ತೆಂಟಾಯ್ತು, ಇವಳಿಗ್ಯಾಕೆ ಡ್ರಿಲ್ಲು ಅಂತಾನಾ? ಮೂವತ್ತು ವರ್ಷ ಶಾಲೆ ಅಡುಗೆಮನೇಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದೋಳು ಕಣೇ ನಾನು. ಎಂಟು ಗಾಳದ ಕೋಲು ನಿಲ್ಲಿಸೋಕೆ ಎಂಟು ತೂತು ಕೊರೆಯೋದು ಯಾವ ಮಹಾ ವಿದ್ಯೆ? ನಿನ್ನ ಗಂಡನಿಗೆ ಮಾತ್ರ ಬರೋ ವಿದ್ಯೇನಾ?

ಸರಿ, ಸರಿ. ಅವನ ಹೆಸರು ಎತ್ತಲ್ಲ. ಎತ್ತಲ್ಲ ಅಂದ್ನಲ್ಲ! ಹಿಡಿ ಅದನ್ನ.

...ಆಯ್ತು, ಇದು ಮೂರನೇದು. ಊದು, ಹುಡಿ ಹೋಗ್ಲಿ. ಆ ಉಪ್ಪು ಕಾಗದ ಕೊಡಿಲ್ಲಿ. ಅಂಚು ನುಣ್ಣಗಾಗದೆ ಇದ್ರೆ ಕೋಲಿನ ಬಣ್ಣ ಕೆರೆದುಹೋಗುತ್ತೆ. ಆಮೇಲೆ ಈ ಸ್ಪಂಜು ಇದೆಯಲ್ಲ, ಮಕ್ಕಳು ಈಜೋಕೆ ಹಿಡ್ಕೋತಾರಲ್ಲ ಉದ್ದಂದು, ಅದನ್ನ ಸೀಳಿ ಒಳಗೆ ಕೂರಿಸ್ತೀನಿ. ಮೇಲೆ ಒಂದು ಹಲಗೆ, ಕೆಳಗೆ ಒಂದು ಹಲಗೆ. ಮೇಲಿನ ತೂತಲ್ಲಿ ಕೋಲು, ಕೆಳಗಿನ ಕುಳೀಲಿ ಹಿಡಿ. ನೆಟ್ಟಗೆ, ಚರ್ಚಲ್ಲಿ ಹಾಡೋರು ನಿಂತಂಗೆ ನಿಂತಿರುತ್ವೆ. ಗೋಡೆಗೆ ಹೊಡೀತಿದೀನಿ, ನೋಡ್ಕೊ. ಗೋಡೆಗೆ! ಸೂರಿಗಲ್ಲ! ಬುದ್ಧಿ ಇರೋ ಯಾರಾದ್ರೂ ಗ್ಯಾರೇಜಿನ ಸೂರಿಗೆ ಗಾಳದ ಕೋಲು ನೇತು ಹಾಕ್ತಾರಾ?

ಏನು? ಅದೇನು ಹಾಗೆ ಉಸಿರು ಬಿಟ್ಟೆ?

ಇಲ್ಲ ಮೆರಿಟ್, ನಾನು ಹೇಳೇ ಹೇಳ್ತೀನಿ. ನಾಳೆ ಬೆಳಗ್ಗೆ ಮೀನು ಹಿಡಿಯೋ ಹಂಗಾಮು ಶುರು. ನೀನು ಹುಟ್ಟಿದ ವರ್ಷದಿಂದ ಒಂದೇ ಒಂದು ಹಂಗಾಮಿನ ಮೊದಲ ದಿನ ನಾವು ಕೆರೆ ಮೇಲೆ ಇಲ್ಲದೆ ಇದ್ದಿದ್ದಿಲ್ಲ. ತಾಯಂದಿರ ದಿನಾನೂ ಅದೇ ವಾರ ಬರುತ್ತೆ, ಎಲ್ಲರ ಮನೇಲೂ ಅಮ್ಮಂದಿರು ಮೀನಿಗೆ ಹೋದ ಗಂಡಸರನ್ನ ಬೈತಾ ಕೂತಿರ್ತಾರೆ, ನಿಮ್ಮಪ್ಪ ಮಾತ್ರ ನನ್ನನ್ನ ದೋಣಿ ಮುಂದುಗಡೆ ಕೂರಿಸಿ ಮೊದಲ ಗಾಳ ನೀನೇ ಹಾಕು ಆರ್ಡಿಸ್, ಇವತ್ತು ನಿಂದು ದಿನ ಅಂತಿದ್ರು. ಅವರು ಹೋದಮೇಲೆ ನೀನಾದ್ರೂ ಇರ್ತೀಯ ಅಂದ್ಕೊಂಡೆ. ಹೋದ ವರ್ಷ ಏನಾಯ್ತು? ಒಬ್ಬಳೇ ಹೋದೆ. ಮೂರು ಜನ ಕೂರೋ ದೋಣೀಲಿ ಒಬ್ಬಳೇ. ಪಕ್ಕದ ದೋಣಿಯವರೆಲ್ಲ ಕೈ ಬೀಸ್ತಾರೆ, ನಾನೂ ಬೀಸ್ತೀನಿ. ಹಲ್ಲು ಕಚ್ಕೊಂಡು.

ಯಾಕೆ ಬರಲಿಲ್ಲ ನೀನು? ಗಂಡನ್ನ ಬಿಟ್ಟು ಬರಲ್ಲ ಅಂದೆ. ನಾನು ಬರಬೇಡ ಅಂದ್ನಾ ಅವನಿಗೆ? ಹೇಳು! ಅಳಿಯದೇವರು ಧಾರಾಳವಾಗಿ ಬರಲಿ. ಒಂದು ಮಾತು ಅಂದು ಬರಲಿ. ತಪ್ಪಾಯ್ತು ಅತ್ತೆ, ಅಷ್ಟೇ. ಅಷ್ಟಕ್ಕೆ ಅವನ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಾಕೊಳ್ಳುತ್ತೆ.

ಆ ಕೈ ಯಾಕೆ ಪದೇ ಪದೇ ಜೇಬಿಗೆ ಹೋಗುತ್ತೆ? ಹಲಗೆ ಹಿಡಿ ಹಲಗೆ.

...ನಾಲ್ಕು.

ಅಯೋವಾದವನು ಅವನು. ಜೋಳದ ಹೊಲದ ಮಧ್ಯೆ ಬೆಳೆದೋನು. ಅಡುಗೆಮನೆ ಬೀರು ಚೆನ್ನಾಗಿ ಮಾಡ್ತಾನೆ, ನಾನು ಇಲ್ಲ ಅನ್ನಲ್ಲ. ಆದ್ರೆ ಗಾಳದ ಕೋಲು ಬೀರು ಅಲ್ಲ. ನಿಮ್ಮಪ್ಪ ಹೋಗಿ ಎರಡು ತಿಂಗಳೂ ಆಗಿರಲಿಲ್ಲ, ಬಂದ. ಅತ್ತೆ, ಮಾವನ ಕೋಲುಗಳೆಲ್ಲ ಮೂಲೇಲಿ ಒರಗಿವೆ, ಒರಗಿ ಒರಗಿ ಬಾಗಿಹೋಗುತ್ವೆ, ನಾನೊಂದು ಚೌಕಟ್ಟು ಮಾಡಿ ಸೂರಿಗೆ ಹಾಕ್ತೀನಿ ಅಂದ. ನಾನು ಬೇಡ ಅಂದ್ನಾ? ಹಾಕಪ್ಪ ಅಂದೆ. ಇಡೀ ಶನಿವಾರ ಟೇಪು ಹಿಡ್ಕೊಂಡು ಏಣಿ ಹತ್ತಿದ, ಇಳಿದ. ಪೆನ್ಸಿಲ್ ಕಿವಿಗೆ ಸಿಕ್ಕಿಸ್ಕೊಂಡು ಮೂರು ಮೂರು ಸಲ ಅಳೆದ. ನೋಡೋಕೇನೋ ಚೆಂದಾನೇ ಇತ್ತು. ಓಕ್ ಮರದ ಎರಡು ಅಡ್ಡಪಟ್ಟಿ, ಒಳಗೆ ಚರ್ಮದ ಹೊದಿಕೆ. ಕೋಲುಗಳು ಮಲಗಿದಂಗೆ ಮಲಗಿರ್ತಿದ್ವು.

ಆಮೇಲೆ? ಆಮೇಲೆ ಏನಾಯ್ತು ಅನ್ನೋದು ಊರಿಗೇ ಗೊತ್ತು. ಚರ್ಚಿಂದ ಬಂದೆ, ಕಾರಲ್ಲಿ ಕೂತೇ ಗುಂಡಿ ಒತ್ತಿದೆ, ಗ್ಯಾರೇಜಿನ ಬಾಗಿಲು ಮೇಲಕ್ಕೆ ಹೋಯ್ತು. ಟಪ್. ಟಪ್ ಟಪ್ ಟಪ್. ಮೊದಲು ಏನು ಸದ್ದು ಅಂತಾನೇ ತಿಳೀಲಿಲ್ಲ. ಆರು ಕೋಲು ಕಣೇ! ಬಾಗಿಲು ಮೇಲೆ ಹೋಗಿ ಸೂರಿನ ಕೆಳಗೆ ಮಲಗುತ್ತಲ್ಲ, ಅದರ ದಾರೀಲಿ ತುದಿ ಚಾಚಿದ್ವು. ಒಂದೊಂದನ್ನೇ ಮುರಿದು ಹಾಕ್ತು. ನಿಮ್ಮಪ್ಪನ ಹಳದಿ ಕೋಲು... ಅದು ತುದಿ ಮಾತ್ರ ಹೋಗಿದ್ರೆ ಹೊಸ ತುದಿ ಅಂಟಿಸಬಹುದಿತ್ತು. ಹಿಡಿ ಹತ್ರಾನೇ ಮುರೀತು. ಹಿಡಿಯ ಬೆಂಡಿನ ಮೇಲೆ ಅವರ ಹೆಬ್ಬೆಟ್ಟು ಕೂತು ಕೂತು ಗುಳಿ ಬಿದ್ದಿತ್ತಲ್ಲ, ಅಷ್ಟೇ ಉಳೀತು ನನ್ನ ಕೈಲಿ.

ಒಂದು ತಿಂಗಳು ನೆಟ್ಟಗಿತ್ತು, ಆಮೇಲೆ ನೋಡು...

ಏನು? ಯಾಕೆ ಹಾಗೆ ನೋಡ್ತೀಯ?

ಹೌದು, ಒಂದು ತಿಂಗಳು. ಅದಕ್ಕೇನೀಗ? ದಿನಾ ಬಾಗಿಲು ತೆಗೀತಿದ್ದೆ, ಹಾಕ್ತಿದ್ದೆ, ಏನೂ ಆಗಿರಲಿಲ್ಲ. ನಿಜ. ಅವತ್ತು ಆಯ್ತು. ಜಾರಿರುತ್ತೆ. ಸ್ಕ್ರೂ ಸಡಿಲ ಆಗಿ ಜಾರಿರುತ್ತೆ. ಅಲ್ಲ... ಅಳತೇನೇ ತಪ್ಪು. ಎರಡೂ ಒಂದೇ! ಯಾವ ನ್ಯಾಯಾಧೀಶನ ಮಗಳು ನೀನು, ಹಾಗೆ ಹುಬ್ಬು ಗಂಟು ಹಾಕೋಕೆ?

ಹಲಗೆ ತಿರುಗಿಸು. ಈ ಕಡೆ. ಐದನೇದು.

ಅವನನ್ನ ಫೋನ್ ಮಾಡಿ ಕರೆಸಿದೆ ಅವತ್ತು. ಕೂಗಾಡಿದೆ, ಹೌದು, ಕೂಗಾಡಿದೆ. ಬರೋಷ್ಟರಲ್ಲಿ ಅವನ ಓಕ್ ಪಟ್ಟಿ ಕಿತ್ತು ಹೊರಗೆ ಎಸೆದಿದ್ದೆ. ಬಂದ. ನಾನು ಇಲ್ಲೇ, ಈ ಸಿಮೆಂಟ್ ನೆಲದ ಮೇಲೆ ಕೂತಿದ್ದೆ. ಸೂರು ನೋಡ್ದ. ಎಷ್ಟು ಹೊತ್ತು ನೋಡ್ದ ಗೊತ್ತಾ, ಕತ್ತು ನೋಯೋವಷ್ಟು. ಆಮೇಲೆ ನನ್ನ ನೋಡ್ದ. ಬಾಯಿ ಬಿಡಲಿಲ್ಲ. ಪೊರಕೆ ತಗೊಂಡ, ಚೂರು ಚೂರೆಲ್ಲ ಗುಡಿಸ್ದ, ಹೋದ. ತಪ್ಪು ಮಾಡಿದೋನು ಅಲ್ಲದೆ ಇನ್ಯಾರು ಹಾಗೆ ಮೂಕನ ಥರ ಹೋಗ್ತಾರೆ? ತಪ್ಪಿಲ್ಲದೋನು ವಾದ ಮಾಡ್ತಾನೆ. ಜಗಳ ಆಡ್ತಾನೆ. ನಾನಾಗಿದ್ರೆ ಆಡ್ತಿದ್ದೆ!

ಅವತ್ತಿಂದ ಈ ಮನೆ ಹೊಸಿಲು ತುಳಿದಿಲ್ಲ ಮಹಾರಾಯ. ಕ್ರಿಸ್‌ಮಸ್ಸಿಗೆ ನೀನೊಬ್ಬಳೇ ಬಂದು ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಹಾಟ್‌ಡಿಶ್ ತಿಂದು ಹೋದೆ. ನೀನು ಹೊರಡೋವಾಗ ಅವನ ಪಾಲು ಡಬ್ಬೀಲಿ ಹಾಕ್ಕೊಟ್ಟೆ, ಕೊಟ್ಟೆ ತಾನೇ? ನಾನೇನು ರಾಕ್ಷಸಿನಾ?

...ಗೋರ್ಡಿ ಅಂಗಡಿ ವಿಷಯ ಎತ್ತಬೇಡ.

ಎತ್ತಬೇಡ ಅಂದೆ. ನೀನು ಬಾಯಿ ಬಿಡದೆ ಇದ್ರೂ ಮುಖದ ತುಂಬ ಅದೇ ಬರೆದಿದೆ. ಹೌದು, ಹೇಳಿದೆ. ಗಾಳದ ಹುಳ ಕೊಂಡ್ಕೊಳ್ಳೋಕೆ ಹೋಗಿದ್ದೆ, ಆರ್ಡಿಸ್ ಯಾಕೆ ಮುಖ ಹಂಗಿದೆ ಅಂದ್ರು, ಹೇಳಿದೆ. ಅಳಿಯ ವೆಂಡೆಲ್ ಅಳತೆ ತಪ್ಪಿದ, ನನ್ನ ಗಂಡ ಹೋಲ್ಗರ್ ಕೋಲು ಮುರೀತು ಅಂತ. ಅಷ್ಟೇ ನಾನು ಹೇಳಿದ್ದು. ಹದಿನಾಲ್ಕು ಇಂಚಿನ ಮೀನು ಹಿಡ್ಕೊಂಡು ಬಂದು ಹದಿನೇಳು ಅನ್ನೋರಿಗೆ ಅವರೆಲ್ಲ ಸೇರಿ "ಅದು ವೆಂಡೆಲ್ ಇಂಚು ಬಿಡಪ್ಪ" ಅಂತ ಶುರು ಹಚ್ಕೊಂಡ್ರೆ ಅದಕ್ಕೆ ನಾನು ಏನ್ ಮಾಡ್ಲಿ? ಅದು ಗೋರ್ಡಿ ಬಾಯಿ. ಊರಿನ ಬಾಯಿ.

ನಾನೂ ನಕ್ಕೆನಾ? ...ಎಲ್ಲರೂ ನಗುವಾಗ ಅಳ್ತಾ ನಿಂತಿರಲಾ?

ಗೋರ್ಡಿ ಹೆಂಡತಿ ಅಡುಗೆಮನೆ ಕೆಲಸ ಅವನನ್ನ ಬಿಟ್ಟು ಬೇರೆ ಊರಿನ ಬಡಗಿಗೆ ಕೊಟ್ಟಳು ಅಂತ ಆಮೇಲೆ ಕೇಳಿದೆ. ಪಾಸ್ಟರಮ್ಮನೂ ಅಷ್ಟೇ. ಕೇಳಿ ನಂಗೇನು ಹಬ್ಬ ಆಗ್ಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ, ಬೇಕಾದ್ರೆ ಕೇಳು... ಯಾರನ್ನ ಕೇಳ್ತೀಯ, ಮನೇಲಿ ನಾನೊಬ್ಬಳೇ. ಆದ್ರೆ ಒಂದು ಮಾತು. ಒಂದೇ ಒಂದು ಮಾತು ಅವನು ಅಂದಿದ್ರೆ ನಾನೇ ಅಂಗಡಿಗೆ ಹೋಗಿ, ಬಿಡ್ರಯ್ಯ ಸಾಕು, ಹುಡುಗ ತಪ್ಪು ಒಪ್ಕೊಂಡ, ಅಂತಿದ್ದೆ. ಆ ಕೊಬ್ಬು! ಆ ಮೌನದ ಕೊಬ್ಬು ಇದೆಯಲ್ಲ, ಅದು ನನ್ನ ಹೊಟ್ಟೆ ಉರಿಸುತ್ತೆ ಮೆರಿಟ್. ಅದು.

...ಏನದು?

ಜೇಬಿಂದ ಏನು ತೆಗೆದೆ? ಕಾಗದ? ನಂಗಾ?

ಯಾರು ಕೊಟ್ಟಿದ್ದು... ಅವನಾ! ಇಷ್ಟೊತ್ತು ಇಟ್ಕೊಂಡು ನಿಂತಿದ್ಯಾ? ನನ್ನ ಬಾಯಿಂದ ಇಷ್ಟೆಲ್ಲ ಬರಿಸಿ? ಕೊಡು ಇಲ್ಲಿ. ಕನ್ನಡಕ ಎಲ್ಲಿ... ತಲೆ ಮೇಲೇ ಇದೆ. ತಡಿ.

"ಅತ್ತೆ, ಅಳತೆ ತಪ್ಪಿದ್ದು ನಾನೇ. ಬಾಗಿಲಿನ ದಾರಿ ನೋಡದೆ ಕಟ್ಟಿದೆ. ಮಾವನ ಕೋಲು ಹೋಗಿದ್ದು ನನ್ನಿಂದ. ಕ್ಷಮಿಸಿ. ನಾಳೆ ಮೆರಿಟ್‌ನ ಕೆರೆಗೆ ಕರ್ಕೊಂಡು ಹೋಗಿ. ನಾನು ಬರಬೇಕು ಅಂತೇನಿಲ್ಲ. ವೆಂಡೆಲ್."

...ಹಾಂ!

ನೋಡಿದ್ಯಾ? ನೋಡಿದ್ಯಾ ಈಗ! ನಾನೇನು ಹೇಳ್ತಿದ್ದೆ? ಒಂದು ವರ್ಷ ಬೇಕಾಯ್ತು ಬಡಗಿಗೆ, ಆದ್ರೂ ಬರೆದ! ಅಳತೆ ತಪ್ಪಿದ್ದು ನಾನೇ. ಸ್ವಂತ ಕೈಯಲ್ಲಿ! ಅಕ್ಷರ ನೋಡು, ಗೆರೆ ಹಾಕಿ ಬರೆದಂಗೆ. ಮುಗೀತು. ಮುಗೀತು ಕಣೇ, ನಾನು ಇಷ್ಟೇ ಕೇಳಿದ್ದು. ನಾಳೆ ಮೂರೂ ಜನ ಹೋಗೋಣ. ಅವನೂ ಬರಲಿ, ಏನು ಬರಬೇಕು ಅಂತೇನಿಲ್ಲ ಅನ್ನೋದು, ಬಿಂಕ. ಬೆಳಗ್ಗೆ ಐದಕ್ಕೆ ಬರೋಕೆ ಹೇಳು. ಕಾಫಿ ಫ್ಲಾಸ್ಕ್‌ಗೆ ನಾನೇ ಹಾಕ್ತೀನಿ. ಗೋರ್ಡಿ ಅಂಗಡೀಲೂ ಇವತ್ತೇ...

ಯಾಕೆ ಹಾಗೆ ನಿಂತಿದೀಯ? ಖುಷಿ ಆಗ್ಲಿಲ್ವಾ ನಿಂಗೆ?

ಮೆರಿಟ್?

ಎಲ್ಲಿ ನೋಡ್ತಿದೀಯ?

...ಅದಾ. ಅದು ಹಳೇದು. ಸೂರಲ್ಲಿ ಅಂಥವು ಎಷ್ಟೋ ಇವೆ. ನಿಮ್ಮಪ್ಪ ದೀಪ ಹಾಕಿದ್ದು ಅಲ್ಲಿ. ಕಿತ್ತಾಗ ತೂತು ಉಳೀತು, ಪುಟ್ಟಿ ಮೆತ್ತಿ ಮುಚ್ಚಿದ್ರು. ಅಷ್ಟೆ. ಬಿಳೀ ಸೂರು, ಬಿಳೀ ಪುಟ್ಟಿ, ನಿನ್ನ ಕಣ್ಣಿಗೆ ಅದೇ ಬೀಳಬೇಕಾ?

ಹಾಂ? ಹೌದು, ಫ್ರೀಜರ್ ಮೇಲೇನೇ ದೀಪ ಹಾಕಿದ್ರು. ಫ್ರೀಜರ್ ಒಳಗಿನ ಮೀನು ಕಾಣಬೇಡ್ವಾ?

ಆ ಸ್ಟೂಲ್ ಯಾಕೆ ಎಳೀತಿದೀಯ? ಬಿದ್ದು ಸಾಯ್ತೀಯ, ಕಾಲು ಅಲ್ಲಾಡುತ್ತೆ ಅದು! ಟೇಪು... ಟೇಪು ಇಡು. ಇಡು ಅಂದೆ! ಏನು ಅಳೀತೀಯ ಅಲ್ಲಿ? ನಾಲ್ಕು ತೂತು, ಏನಿದೆ ಅಳೆಯೋಕೆ? ಹಲಗೆ ಕೆಲಸ ಹಾಗೇ ಬಿದ್ದಿದೆ, ಇನ್ನೂ ಮೂರು ತೂತು ಕೊರೀಬೇಕು, ನಾಳೆ ಬೆಳಗಾದ್ರೆ...

ಓದಬೇಡ. ಎಷ್ಟಿದೆ ಅಂತ ನಂಗೆ ಗೊತ್ತು.

...

ಇಳಿ. ಇಳಿಯೇ. ಕೆಳಗೆ ಬಾ, ಹೇಳ್ತೀನಿ.

ದೀಪ ಹಾಕೋಕೆ ನಾಲ್ಕು ಸ್ಕ್ರೂ ಬೇಕಿಲ್ಲ. ಅಷ್ಟು ದೂರ ದೂರಾನೂ ಬೇಕಿಲ್ಲ. ಅವನು ಆ ಚೌಕಟ್ಟು ಹಾಕಿದ್ದು ಅಲ್ಲೇ. ಹಿಂದಿನ ಗೋಡೆ ಹತ್ರ, ಫ್ರೀಜರ್ ಮೇಲೆ. ಬಾಗಿಲು ಪೂರ್ತಿ ಮೇಲೆ ಹೋಗಿ ಮಲಗಿದ್ರೂ ಅಲ್ಲಿಗೆ ಒಂದು ಗೇಣು ಬಾಕಿ ಇರುತ್ತೆ. ಬಾಗಿಲು ತೆಗೆದು, ಹಾಕಿ, ತೆಗೆದು ನೋಡಿದ್ದ ಅವನು. ಮೂರು ಸಲ ಅಳೆದ ಅಂದ್ನಲ್ಲ, ಅದಕ್ಕೇ ಅಳೆದಿದ್ದು.

ನಾನು ಅದನ್ನ ಬಾಗಿಲ ಕಡೆ ಮುಂದಕ್ಕೆ ತಂದೆ. ಏಪ್ರಿಲ್‌ನಲ್ಲಿ. ಒಂದು ದಿನ ಏಣಿ ಹಾಕಿ, ನಾನೇ ಬಿಚ್ಚಿ, ನಾನೇ ಹಾಕಿದೆ. ಯಾಕೆ ಅಂತೀಯ... ಕಾರು ಒಳಗೆ ತರೋವಾಗ ಕಾಣ್ತಿರಲಿಲ್ಲ ಕಣೇ. ಕತ್ತಲ ಮೂಲೇಲಿತ್ತು. ಬಾಗಿಲು ತೆಗೆದ ತಕ್ಷಣ ಅವರ ಹಳದಿ ಕೋಲು ಕಣ್ಣಿಗೆ ಬೀಳಲಿ ಅನ್ನಿಸ್ತು. ಮನೆಗೆ ಬಂದಾಗ ಯಾರೋ ಇದಾರೆ ಅನ್ನಿಸ್ಲಿ ಅಂತ. ಏಪ್ರಿಲ್ ಆದ್ರೂ ಹೊರಗೆ ಹಿಮ ಸುರೀತಿತ್ತು, ಚಳಿ, ಬಾಗಿಲು ಹಾಕ್ಕೊಂಡು ಕೆಲಸ ಮಾಡಿದೆ. ಮುಚ್ಚಿದ ಬಾಗಿಲು ಗೋಡೆ ಥರ ಇತ್ತು. ಅದು ಮೇಲೆ ಬರುತ್ತೆ ಅನ್ನೋದು ತಲೆಗೇ ಹೊಳೀಲಿಲ್ಲ. ನಲವತ್ತು ವರ್ಷ ಇದೇ ಗ್ಯಾರೇಜು, ಇದೇ ಬಾಗಿಲು! ಮಾರನೇ ದಿನ ಭಾನುವಾರ. ಪಕ್ಕದ ಮನೆಯವರು ಚರ್ಚಿಗೆ ಕರ್ಕೊಂಡು ಹೋದ್ರು. ವಾಪಸ್ ಬಂದು, ಅಂಗಳದಲ್ಲಿದ್ದ ನನ್ನ ಕಾರು ಒಳಗಿಡೋಣ ಅಂತ ಕೂತೆ. ಗುಂಡಿ ಒತ್ತಿದೆ.

ನಾನೇ ಮುರಿದೆ. ಹೋಲ್ಗರ್ ಕೋಲನ್ನ ನಾನೇ ಮುರಿದೆ. ಅವರದ್ದು ಅಂತ ಉಳಿದಿದ್ದೇ ಅದು, ಅದನ್ನ ನನ್ನ ಕೈಯಾರೆ... ಅದು ನನ್ನಿಂದ ಹೋಯ್ತು ಅಂತ ಒಪ್ಕೊಂಡು ಆ ಮನೆ ಒಳಗೆ ಹೋಗಿ ಮಲಗೋಕೆ ನನ್ನಿಂದ ಆಗ್ತಿರಲಿಲ್ಲ. ಬೇರೆ ಯಾರಾದ್ರೂ ಮಾಡಿದ್ದು ಆಗಿರಬೇಕಿತ್ತು. ಓಕ್ ಪಟ್ಟಿ ಕಿತ್ತೆ, ಎಸೆದೆ, ಫೋನ್ ಮಾಡಿದೆ. ಅವನು ಬರೋಷ್ಟರಲ್ಲಿ ನಾನೇ ನಂಬಿಬಿಟ್ಟಿದ್ದೆ.

ಅವನು ನೋಡ್ದ. ಸೂರಲ್ಲಿ ಎರಡು ಕಡೆ ತೂತು, ಎಂಟು ತೂತು, ಆಗಿನ್ನೂ ನಾನು ಪುಟ್ಟಿ ತುಂಬಿರಲಿಲ್ಲ. ಬಡಗಿ ಅವನು. ಒಂದೇ ನೋಟಕ್ಕೆ ಗೊತ್ತಾಗಿರುತ್ತೆ.

ನಿಂಗೆ ಹೇಳಿದ್ನಾ?

...ಇಲ್ವಾ? ತಲೆ ಅಲ್ಲಾಡಿಸ್ತೀಯಲ್ಲ... ಹೆಂಡತಿಗೂ ಹೇಳಲಿಲ್ವಾ? ಒಂದು ವರ್ಷ?

ಹಾಗಾದ್ರೆ ನೀನು... ನೀನೂ ಅವನದ್ದೇ ತಪ್ಪು ಅಂತ...

ಈ ಕಾಗದ ಯಾರು ಬರೆಸಿದ್ದು? ಮೆರಿಟ್, ನನ್ನ ಕಡೆ ನೋಡು. ಅವನಾಗೇ ಬರೆದನಾ, ಇಲ್ಲ ನೀನು... ಬರಿ ಅಂದ್ಯಾ? ಅಮ್ಮ ಒಬ್ಬಳೇ ದೋಣೀಲಿ ಹೋಗ್ತಾಳೆ, ಒಂದು ಕ್ಷಮೆ ಕೇಳೋಕೆ ನಿಂಗೇನು ಕಷ್ಟ, ಅಂತ ಜಗಳ ಆಡ್ದ್ಯಾ?

ಏನಾದ್ರೂ ಅನ್ನು.

ಅನ್ನೇ! ಬೈಯಿ. ಸುಳ್ಳಿ ಅನ್ನು. ಈ ಹಲಗೆ ತಗೊಂಡು ನನ್ನ ತಲೆಗೆ ಹಾಕು. ಹೀಗೆ ಸುಮ್ನೆ ನಿಲ್ಲಬೇಡ, ಅವನ ಥರಾನೇ ನಿಲ್ಲಬೇಡ...

ಬಡಗಿ ಕಣೇ ಅವನು. ಅಳತೆ ತಪ್ಪಿದ್ದು ನಾನೇ ಅಂತ ಬಡಗಿ ಬರೀಬಾರದು. ಅದೊಂದನ್ನ ಬರೀಬಾರದು. ಕೈ ಕತ್ತರಿಸಿ ಕೊಡು ಅಂದ್ರೂ ಇಷ್ಟು ಆಗ್ತಿರಲಿಲ್ಲ. ಇಷ್ಟು ಹೊತ್ತು ಇದನ್ನ ಹಿಡ್ಕೊಂಡು ನಾನು ಕುಣಿದೆ.

ಎಲ್ಲಿಗೆ? ಕೋಟು ಯಾಕೆ ಹಾಕ್ಕೋತಿದೀಯ?

...ಅವನ ಹತ್ರಾನಾ. ಹೋಗು. ನೀನು ಮೊದಲು ಹೋಗು. ನಾನು ನಿನ್ನ ಹಿಂದೇನೇ ಬರಲ್ಲ, ಹೆದರಬೇಡ. ನಂಗೆ ಬೇರೆ ಕಡೆ ಹೋಗೋದಿದೆ. ಹಂಗಾಮಿನ ಹಿಂದಿನ ದಿನ, ಈ ಹೊತ್ತಿಗೆ ಗೋರ್ಡಿ ಅಂಗಡೀಲಿ ಕಾಲಿಡೋಕೆ ಜಾಗ ಇರಲ್ಲ. ಊರೇ ಇರುತ್ತೆ. ಗೋರ್ಡಿ ಇರ್ತಾನೆ, ಅವನ ಹೆಂಡತಿ ಗಲ್ಲಾದಲ್ಲಿ ಇರ್ತಾಳೆ, ಪಾಸ್ಟರಮ್ಮ ಹುಳ ತಗೊಳ್ಳೋಕೆ ಬಂದಿರ್ತಾಳೆ. ಎಲ್ಲರೂ ಇರಲಿ. ಕಾಗದಾನೂ ಒಯ್ತೀನಿ. ಇದನ್ನ ಓದಿ, ಇದರಲ್ಲಿ ಇರೋದೆಲ್ಲ ಸುಳ್ಳು ಅಂತ ಹೇಳ್ತೀನಿ. ಆಮೇಲೆ ಅವನ ಮನೆಗೆ ಬರ್ತೀನಿ. ಬಾಗಿಲು ತೆಗೆದ್ರೆ ತೆಗೀಲಿ.

ಮೆರಿಟ್... ಒಂದು ನಿಮಿಷ. ಅಂಗಡಿವರೆಗೆ ಜೊತೆಗೆ ಬರ್ತೀಯಾ? ಒಳಗೆ ಬರೋದು ಬೇಡ. ಕಾರಲ್ಲೇ ಕೂತಿರು. ಸುಮ್ನೆ... ಹೊರಗೆ ಇದೀಯ ಅಂತ ಗೊತ್ತಿದ್ರೆ ಸಾಕು.

...

ಸರಿ.

ಸರಿ ಬಿಡು, ನೀನು ಹೋಗು. ಅವತ್ತು ಅಲ್ಲಿ ಸುಳ್ಳು ಹೇಳಿ ಬಂದಿದ್ದೂ ನಾನೊಬ್ಬಳೇ ತಾನೇ.